ಕ್ಯಾಪ್ಟನ್ನರ ಬಲಮೊಣಕಾಲು ಮತ್ತು ನನಗಾದ ಅವಮಾನ

ಮಂಗಳೂರಿನಲ್ಲಿ ನಮ್ಮ ಮನೆತನಕ್ಕೆ ಒಂದು ಹೆಸರಿದೆ. ಅಜ್ಜ ಪೋಸ್ಟ್‌ಮಾಸ್ಟರ್ ಆಗಿದ್ದರು. ಅವರ ಕಾಲದಲ್ಲಿ ಒಂದು ಕಾಗದವೂ ತಪ್ಪು ಮನೆಗೆ ಹೋದದ್ದಿಲ್ಲ. ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರ್. ಅವರು ರಸ್ತೆಯಲ್ಲಿ ಬರುವುದು ಕಂಡರೆ ದೊಡ್ಡ ದೊಡ್ಡವರೂ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿ, ನರ್ಸಿಂಗ್ ಕಲಿತು, ದೊಡ್ಡದೊಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ನಮ್ಮ ಪೈಕಿ ಯಾರ ಮೇಲೂ ಪೊಲೀಸ್ ದೂರಿಲ್ಲ, ಯಾರಿಗೂ ಕೋರ್ಟಿನಿಂದ ಕರೆ ಬಂದಿಲ್ಲ, ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವರು ಕೂಡ ಇಲ್ಲ. ಓದುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಯಲ್ಲಿ ಇದರ ಅಗತ್ಯ ಬೀಳುತ್ತದೆ.

ಇಷ್ಟು ಶಿಸ್ತಿನಿಂದ ಬದುಕಿದವಳಿಗೇ ಇಂಥವು ಮತ್ತೆ ಮತ್ತೆ ಆಗುತ್ತವೆ, ಕಾರಣ ನನಗೆ ತಿಳಿಯದು. ಈಗ ನಾವಿರುವ ಮಲೇಶಿಯಾದ ಕನ್ನಡ ಸಂಘದವರು ಸಂಚಿಕೆಗೆ ಹಾಸ್ಯ ಪ್ರಸಂಗಗಳನ್ನು ಬರೆದುಕೊಡಿ ಎಂದು ಕೇಳಿದ್ದಾರೆ. ಇದರಲ್ಲಿ ಹಾಸ್ಯ ಎಲ್ಲಿದೆ ಎಂದು ಕೇಳಿದೆ. "ನೀವು ನಡೆದದ್ದು ನಡೆದ ಹಾಗೆ ಬರೆಯಿರಿ ಮೇಡಂ, ಹಾಸ್ಯ ತಾನಾಗಿ ಬರುತ್ತದೆ" ಎಂದರು. ಬರೆದಿದ್ದೇನೆ.

ಹಪ್ಪಳದ ಮೇಲೆ ಕಾಲುಚೀಲ

ನಮ್ಮವರು ಅನಾಟಮಿ ಪ್ರೊಫೆಸರ್. ಊರಿನಲ್ಲಿ ನಿವೃತ್ತರಾದ ಮೇಲೆ ಇಲ್ಲಿನ ಮೆಡಿಕಲ್ ಕಾಲೇಜೊಂದು ಕರೆಸಿಕೊಂಡಿತು. ಪೆಟಾಲಿಂಗ್ ಜಯಾ ಎಂಬ ಊರಿನ ಒಂದು ಕಾಂಡೋದಲ್ಲಿ, ಅಂದರೆ ಫ್ಲ್ಯಾಟುಗಳ ಕಟ್ಟಡದಲ್ಲಿ, ಮನೆ ಮಾಡಿದೆವು. ಸಾಮಾನು ಬಿಚ್ಚಿ ಜೋಡಿಸುವಷ್ಟರಲ್ಲಿ ಕೊರೋನಾ ಬಂತು, ಯಾರೂ ಹೊರಗೆ ಕಾಲಿಡಬಾರದು ಎಂದು ಸರಕಾರ ಹೇಳಿತು.

ಹೊತ್ತು ಹಾಳುಮಾಡುವುದು ನನ್ನ ಸ್ವಭಾವದಲ್ಲಿಲ್ಲ. ಸಾಮಾನು ತರಲು ಮನೆಗೊಬ್ಬರು ಹೋಗಬಹುದಿತ್ತು, ನಮ್ಮವರು ಮಾರ್ಕೆಟಿನಿಂದ ಬಲಿತ ಹಲಸು ತಂದರು. ನಾನು ಹಪ್ಪಳ ಒತ್ತಿ, ಬಾಲ್ಕನಿಯಲ್ಲಿ ಬಿಳಿ ಬಟ್ಟೆ ಹಾಸಿ, ಸಾಲು ತಪ್ಪದ ಹಾಗೆ ಹರವಿದೆ. ಕಾಫಿ ಕುಡಿದು ಬಂದು ನೋಡುತ್ತೇನೆ, ಸಾಲಿನ ನಟ್ಟನಡುವೆ ಗುಂಡಗೆ ಸುತ್ತಿದ ಒಂದು ಜೊತೆ ಕಾಲುಚೀಲ.

ಪಕ್ಕದ ಬಾಲ್ಕನಿಯಲ್ಲಿ ಎತ್ತರದ ಒಬ್ಬ ಬಿಳಿಯ ಮುದುಕರು ಕುರ್ಚಿಯಲ್ಲಿ ಕುಳಿತು ಆಕಾಶ ನೋಡುತ್ತಿದ್ದರು. ಹಾಗೆ ಆಕಾಶ ನೋಡುವವರನ್ನು ನಾನು ವಾರ್ಡಿನಲ್ಲಿ ಬಹಳ ಕಂಡಿದ್ದೇನೆ.

"ಇದನ್ನು ಎಸೆದವರು ಯಾರು?"

"ಎಸೆದದ್ದಲ್ಲ, ಒದ್ದದ್ದು" ಎಂದರು. "ಎಡಗಾಲಿನಿಂದ. ಬಲಗಾಲು ರಜೆಯಲ್ಲಿದೆ, ಲಾ."

ಅವರು ಆಡುವುದು ಇಂಗ್ಲಿಷು. ನಡುವೆ ಹೆಂಡತಿಯ ತಮಿಳು, ಕೊನೆಗೆ ಈ ದೇಶದ 'ಲಾ'. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಲಾ ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

"ಕಾಲಿಗೆ ರಜೆ ಕೊಟ್ಟವರು ಯಾರು?" ಎಂದೆ.

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಓಡಿಬಂದರು. ಇಲ್ಲಿಯೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಶಾಲೆಯಲ್ಲಿ ಟೀಚರ್ ಆಗಿದ್ದವರು. "ತಪ್ಪಾಯಿತು ಅಕ್ಕಾ" ಎಂದು ಮೊದಲು ಕೈಮುಗಿದು, ಆಮೇಲೆ ವಿಷಯ ಹೇಳಿದರು. ಗಂಡ ಈ ದೇಶಕ್ಕೆ ಹಣ ಕೊಟ್ಟು ಕರೆಸಿದ ಮೊದಮೊದಲ ವಿದೇಶಿ ಫುಟ್‌ಬಾಲ್ ಆಟಗಾರರಲ್ಲಿ ಒಬ್ಬರು. ತಂಡದ ನಾಯಕರಾಗಿದ್ದರಿಂದ ಎಲ್ಲರೂ ಕರೆಯುವುದು ಕ್ಯಾಪ್ಟನ್ ಎಂದೇ. ಕೊರೋನಾ ಬರುವ ಸ್ವಲ್ಪ ಮೊದಲು ಬಲ ಮೊಣಕಾಲಿನ ಕೀಲು ಬದಲಿಸಿದ್ದರು. ವ್ಯಾಯಾಮ ಮಾಡಿಸುತ್ತಿದ್ದವರು ಈಗ ಬರುವ ಹಾಗಿಲ್ಲ. ಮೈದಾನಗಳು ತೆರೆದ ಮೇಲೆ ಹಳೆಯ ಆಟಗಾರರದ್ದೊಂದು ಪಂದ್ಯ ಇದೆ, ಮೊದಲ ಚೆಂಡು ಒದೆಯಲು ಕ್ಯಾಪ್ಟನ್ನರನ್ನೇ ಕರೆದಿದ್ದಾರೆ. ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವುದಾದರೆ ಬರುವುದೇ ಇಲ್ಲ ಎಂದು ಇವರ ಹಟ. ಹಟ ಇದೆ, ನಡಿಗೆ ಇಲ್ಲ.

"ನಡೆಯುತ್ತಾರೆ" ಎಂದೆ.

ಕಾಲುಚೀಲವನ್ನು ಬಿಸಿನೀರಿನಲ್ಲಿ ಕುದಿಸಿ, ಒಣಗಿಸಿ, ಇಸ್ತ್ರಿ ಹಾಕಿ ಹಿಂದಿರುಗಿಸಿದೆ. ಅದರ ಅಡಿಯಲ್ಲಿ ಸಿಕ್ಕಿದ್ದ ಹಪ್ಪಳಗಳನ್ನು ಎಸೆಯಲು ಬೇರೆ ಇಟ್ಟಿದ್ದೆ. ನಮ್ಮವರು ಕರಿದು ತಿಂದೇಬಿಟ್ಟರು. "ಪರವಾಗಿಲ್ಲ ಮಾರಾಯ್ತಿ, ಫಾರಿನ್ ಉಪ್ಪು."

ಕಾರಿಡಾರಿನಲ್ಲಿ ಫೌಲು

ಒಬ್ಬರ ಮನೆಗೆ ಒಬ್ಬರು ಹೋಗಬಾರದು ಎಂದು ನಿಯಮ. ಕಾಂಡೋ ಕಚೇರಿಗೆ ಫೋನ್ ಮಾಡಿ, "ನನ್ನ ಹೊಸಿಲಿನ ಒಳಗೇ ನಿಂತು, ಕಾರಿಡಾರಿನಲ್ಲಿ ನಡೆಯುವ ಪಕ್ಕದ ಮನೆಯವರಿಗೆ ಬುದ್ಧಿ ಹೇಳಬಹುದೇ?" ಎಂದು ಕೇಳಿದೆ. ಆ ಕಡೆಯವರು ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆದರೆ ಬೇಡ ಎನ್ನಲಿಲ್ಲ. ಆಪರೇಷನ್ ಮಾಡಿದ ಡಾಕ್ಟರರಿಗೂ ಫೋನ್ ಮಾಡಿ, ಏನು ಮಾಡಿಸಬಹುದು, ಏನು ಕೂಡದು ಎಂದು ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ರೌಂಡ್ಸ್ ಶುರುವಾಯಿತು. ವಾಕರ್ ಹಿಡಿದು ಲಿಫ್ಟಿನವರೆಗೆ ಹೋಗಿ, ತಿರುಗಿ ಬರುವುದು. ಮೊದಲ ವಾರ ಕ್ಯಾಪ್ಟನ್ನರು ಹೇಳಿದ ಹಾಗೆ ಕೇಳಿದರು. ಎರಡನೆಯ ವಾರ ಅವರ ಬುದ್ಧಿ ಹೊರಗೆ ಬಂತು. ಲಿಫ್ಟಿನ ಹತ್ತಿರ ಹೋದವರು ಗೋಡೆಗೆ ಒರಗಿ, ಮೆಲ್ಲನೆ ಜಾರಿ ಕುಳಿತು, ಎರಡೂ ಕೈಯಲ್ಲಿ ಮೊಣಕಾಲು ಹಿಡಿದು, ಕಣ್ಣು ಮುಚ್ಚಿ ನರಳತೊಡಗಿದರು. ಎಂಥವರ ಕರುಳೂ ಕರಗಬೇಕು, ಹಾಗೆ.

ನಾನು ಹೊಸಿಲು ದಾಟಲಿಲ್ಲ. "ಕ್ಯಾಪ್ಟನ್, ಆಪರೇಷನ್ ಆದದ್ದು ಬಲಗಾಲಿಗೆ" ಎಂದೆ.

ಒಂದು ಕಣ್ಣು ತೆರೆಯಿತು. ಹಿಡಿದುಕೊಂಡ ಕಾಲನ್ನು ನೋಡಿತು. ಕೈಗಳು ಸದ್ದಿಲ್ಲದೆ ಎಡದಿಂದ ಬಲಕ್ಕೆ ಹೋದವು. ನರಳಾಟ ನಿಂತಲ್ಲಿಂದಲೇ ಮುಂದುವರಿಯಿತು.

ಬಾಗಿಲಲ್ಲಿದ್ದ ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಅಕ್ಕಾ, ಇದೇ ನಾಟಕಕ್ಕೆ ಇವರಿಗೆ ಎಷ್ಟು ಪೆನಾಲ್ಟಿ ಸಿಕ್ಕಿದೆ ಗೊತ್ತಾ? ಯಾವ ಕಾಲು ಅಂತ ಒಬ್ಬ ರೆಫರಿಯೂ ಕೇಳಿರಲಿಲ್ಲ."

ಹಗಲಿನಲ್ಲಿ ಏನು ಕೆಲಸ?

ನಡೆಯುವಾಗ ನೋವು ಮರೆಯಲೆಂದು ಅವರಿಂದ ಹಳೆಯ ಕತೆ ಹೇಳಿಸುತ್ತಿದ್ದೆ. ವಾರ್ಡಿನಲ್ಲಿಯೂ ನನ್ನದು ಇದೇ ಕ್ರಮ.

ಕ್ಯಾಪ್ಟನ್ನರು ಬಂದದ್ದು ಯೂರೋಪಿನ ಚಳಿ ದೇಶವೊಂದರಿಂದ. ದಪ್ಪ ಉಣ್ಣೆಯ ಕೋಟು ತೊಟ್ಟು ವಿಮಾನದಿಂದ ಇಳಿದರು. ಕರೆಯಲು ಬಂದಿದ್ದ ತಂಡದ ಅಧಿಕಾರಿ ಮೊದಲು ಹೇಳಿದ ಮಾತೇ "ಕೋಟು ತೆಗೆಯಿರಿ, ಸತ್ತುಹೋಗುತ್ತೀರಿ".

ಮರುದಿನ ಬೆಳಿಗ್ಗೆ ಬೂಟು ಕಟ್ಟಿಕೊಂಡು ಮೈದಾನಕ್ಕೆ ಹೋದರೆ ಅಲ್ಲಿ ಹುಲ್ಲು ಕತ್ತರಿಸುವವರ ಹೊರತು ನರಪಿಳ್ಳೆ ಇಲ್ಲ. ತಂಡದಲ್ಲಿ ಒಬ್ಬ ಪೊಲೀಸು, ಒಬ್ಬ ಬ್ಯಾಂಕ್ ಗುಮಾಸ್ತ, ಗೋಲ್‌ಕೀಪರ್ ವಿದ್ಯುತ್ ಕಚೇರಿಯವನು. ಎಲ್ಲರೂ ಬರುವುದು ಆಫೀಸು ಬಿಟ್ಟ ಮೇಲೆ. ಆಟವನ್ನೇ ಉದ್ಯೋಗ ಮಾಡಿಕೊಂಡವರು ಇವರೊಬ್ಬರೇ. ಹಗಲೆಲ್ಲ ಖಾಲಿ ಗೋಲಿಗೆ ತಾವೇ ಚೆಂಡು ಒದೆಯುವುದು, ತಾವೇ ಓಡಿಹೋಗಿ ತರುವುದು.

ಇದನ್ನು ಕಂಡು ಆ ಅಧಿಕಾರಿಯ ಮನಸ್ಸು ಕರಗಿತು. ಪಾಪ, ಅಷ್ಟು ದೂರದಿಂದ ಬಂದವನಿಗೆ ಕೆಲಸವೇ ಇಲ್ಲವಲ್ಲ ಎಂದುಕೊಂಡು ಹಗಲಿನಲ್ಲಿ ತಾವು ಕೆಲಸ ಮಾಡುವ ಸರಕಾರಿ ಕಚೇರಿಯಲ್ಲೇ ಒಂದು ಮೇಜು, ಒಂದು ಫ್ಯಾನು, ಒಂದು ರಬ್ಬರ್ ಮೊಹರು ಕೊಡಿಸಿದರು. ಕ್ಯಾಪ್ಟನ್ನರಿಗೆ ಮಲಯ್ ಭಾಷೆಯ ಗಂಧವಿಲ್ಲ. ಎದುರಿಗೆ ಬಂದ ಕಾಗದಕ್ಕೆಲ್ಲ ಮೊಹರು ಒತ್ತಿದರು. ಆ ಕಚೇರಿಯ ಕೆಲಸ ಅಷ್ಟು ಬೇಗ ಆಗುತ್ತಿದ್ದದ್ದು ಅದೇ ಮೊದಲು ಎಂದು ಜನ ಹೊಗಳಿದರಂತೆ.

ನನಗೆ ಒಂದು ಸಂಶಯ ಉಳಿದಿತ್ತು. "ಫುಟ್‌ಬಾಲ್ ಸಂಜೆ ಹೊತ್ತಿನದಾಯಿತು, ಮೊಹರು ದಯೆಯ ಮೇಲೆ ಸಿಕ್ಕಿದ್ದಾಯಿತು. ಉದ್ಯೋಗ ಅಂತ ಏನು ಮಾಡುತ್ತಿದ್ದಿರಿ?"

"ಫುಟ್‌ಬಾಲೇ ಉದ್ಯೋಗ, ಮೇಟ್ರನ್."

"ಪೆನ್ಷನ್?"

"ಇಲ್ಲ."

"ವಯಸ್ಸಾದ ಮೇಲೆ ಆಡಿಸುತ್ತಾರೆಯೇ?"

"ಇಲ್ಲ, ಲಾ."

ನನ್ನ ಮುಖ ನೋಡಿ ಅವರ ಹೆಂಡತಿ ಹೇಳಿದರು: "ಇವರು ನನ್ನನ್ನು ಕೇಳಲು ಬಂದಾಗ ನಮ್ಮಪ್ಪನೂ ಇದನ್ನೇ ಕೇಳಿದರು ಅಕ್ಕಾ, ಇದೇ ಮುಖ ಮಾಡಿಕೊಂಡು. ಇವರು ಗೆದ್ದ ಕಪ್ಪು ತಂದು ತೋರಿಸಿದರು, ಅಪ್ಪ ಒಪ್ಪಲಿಲ್ಲ. ಪೇಪರಿನಲ್ಲಿ ಬಂದ ಫೋಟೋ ತೋರಿಸಿದರು, ಒಪ್ಪಲಿಲ್ಲ. ಆಫೀಸಿನಲ್ಲಿ ಮೊಹರು ಒತ್ತುತ್ತಾರೆ ಎಂದು ಗೊತ್ತಾದ ಮೇಲೆ ಹೆಣ್ಣು ಕೊಟ್ಟರು."

ಸಂಘದ ಪ್ರಶ್ನೋತ್ತರ

ಆ ವರ್ಷ ರಾಜ್ಯೋತ್ಸವ ಕಂಪ್ಯೂಟರಿನ ಪರದೆಯಲ್ಲಿ ನಡೆಯಿತು. ಒಬ್ಬ ಸಾಧಕರ ಭಾಷಣ ಬೇಕು ಎಂದು ಸಂಘದ ಅಧ್ಯಕ್ಷರು ಕೇಳಿದಾಗ ಪಕ್ಕದ ಮನೆಯಲ್ಲೇ ಇದ್ದಾರೆ ಎಂದೆ. ಕ್ಯಾಪ್ಟನ್ನರು ಅವರ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು. ಪರಿಚಯ ಭಾಷಣವನ್ನು ಕಾನ್ವೆಂಟಿನ ಪದ್ಧತಿಯಂತೆ ನಿಂತೇ ಮಾಡಿದೆ. ಪರದೆಯ ಮೇಲೆ ನನ್ನ ಸೊಂಟ ಮಾತ್ರ ಕಾಣಿಸಿತೆಂದು ಆಮೇಲೆ ತಿಳಿಯಿತು.

ಕ್ಯಾಪ್ಟನ್ನರು ಬಹಳ ಚೆನ್ನಾಗಿ ಮಾತಾಡಿದರು. ಮನಸ್ಸಿಗೆ ತಟ್ಟಿದ ಒಂದು ಸಂಗತಿ ಹೇಳುತ್ತೇನೆ. ಅವರು ಇಲ್ಲಿ ಆಡುತ್ತಿದ್ದಾಗಲೇ ಅಲ್ಲಿ ಅವರ ದೇಶ ಒಡೆದು ಎರಡಾಯಿತು. ರಜೆಗೆ ಊರಿಗೆ ಹೋದರೆ ವಿಮಾನ ನಿಲ್ದಾಣದಲ್ಲಿ "ನೀವು ಯಾವ ದೇಶದವರು?" ಎಂದು ಕೇಳಿದರಂತೆ. "ನಾನು ಹೊರಟಾಗ ಒಂದೇ ಇತ್ತು" ಎಂದರೆ, "ಎರಡರಲ್ಲಿ ಯಾವುದಾದರೂ ಒಂದು ಹೇಳಿ, ಹಿಂದೆ ಜನ ಕಾಯುತ್ತಿದ್ದಾರೆ" ಎಂದರಂತೆ. ಅಂದೇ ಮಲೇಶಿಯಾ ತಮ್ಮ ಮನೆ ಎಂದು ತೀರ್ಮಾನಿಸಿದ್ದಾಗಿ ಹೇಳಿದರು.

ಆಮೇಲೆ ಪ್ರಶ್ನೆಗಳು. ಹತ್ತಿರದ ಪುಚೊಂಗ್ ಎಂಬ ಊರಿನಿಂದ ಒಬ್ಬ ಸದಸ್ಯರು ಕೈ ಎತ್ತಿದರು. ಬೆಂಗಳೂರಿನವರು, ಸಾಫ್ಟ್‌ವೇರ್.

"ಸರ್, ಒಂದು ಮ್ಯಾಚಲ್ಲಿ ನಿಮ್ಮ ಹೈಯೆಸ್ಟ್ ಸ್ಕೋರ್ ಎಷ್ಟು?"

"ನಾಲ್ಕು" ಎಂದರು ಕ್ಯಾಪ್ಟನ್ನರು, ಎದೆಯುಬ್ಬಿಸಿ.

ಪುಚೊಂಗಿನವರು ಮರುಕದಿಂದ ತಲೆಯಾಡಿಸಿದರು. "ಪರವಾಗಿಲ್ಲ ಬಿಡಿ ಸರ್. ನೀವು ಬೌಲರ್ ಇರಬೇಕು."

ಮಾಡೆಲ್ ಯಾವ ಕಂಪನಿಯದು?

ಕ್ಯಾಪ್ಟನ್ನರು ವಾಕರ್ ಬಿಟ್ಟು ಊರುಗೋಲಿಗೆ ಬಂದಿದ್ದರು. ಅಷ್ಟರಲ್ಲಿ ರೋಗ ಮತ್ತೆ ಏರಿತು. ಮತ್ತೆ ಎಲ್ಲವೂ ಬಾಗಿಲು ಹಾಕಿದವು. ಪಂದ್ಯ ಮುಂದಕ್ಕೆ ಹೋಯಿತು, ಎಂದಿಗೆ ಎಂದು ಯಾರೂ ಹೇಳಲಿಲ್ಲ.

ಮರುದಿನ ರೌಂಡ್ಸಿಗೆ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಹೆಂಡತಿ ಬಾಗಿಲ ಸಂದಿಯಿಂದ ಪಿಸುಗುಟ್ಟಿದರು: "ಬೂಟನ್ನು ಚೀಲಕ್ಕೆ ಹಾಕಿ ಯಾರಿಗಾದರೂ ಕೊಟ್ಟುಬಿಡು ಅಂತಾರೆ ಅಕ್ಕಾ. ಬಾಲ್ಕನಿಗೂ ಬರುತ್ತಿಲ್ಲ."

ನಾನು ಹೊಸಿಲಿನಲ್ಲಿ ನಿಂತು ವಾರ್ಡಿನ ದನಿಯಲ್ಲಿ ಕರೆದೆ. ಒಳಗಿನಿಂದ ಉತ್ತರ ಬಂತು: "ಪಂದ್ಯ ಮುಗಿಯಿತು, ಮೇಟ್ರನ್."

"ಸೀಟಿ ಊದಿದವರು ಯಾರು? ನನಗಂತೂ ಕೇಳಿಸಲಿಲ್ಲ."

ಬಾಗಿಲು ತೆರೆಯಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ಮೊಣಕಾಲು ಬಗ್ಗದಿದ್ದರೆ ಬಗ್ಗಿಸಬಹುದು. ಮನಸ್ಸು ಮಡಚಿಕೊಂಡು ಕುಳಿತರೆ ಅದಕ್ಕೆ ನನ್ನ ಹತ್ತಿರ ಔಷಧವಿರಲಿಲ್ಲ.

ನಮ್ಮವರದು ಮನೆಯಲ್ಲಿ ಮಾತು ಕಡಿಮೆ. ಮಾತೆಲ್ಲ ವಿದ್ಯಾರ್ಥಿಗಳಿಗೆ. ಮರುದಿನ ಅವರದು ಮೊಣಕಾಲಿನ ಕೀಲಿನ ಪಾಠ, ಲ್ಯಾಪ್‌ಟಾಪಿನಲ್ಲಿ. ಅಸ್ಥಿಪಂಜರ ಕಾಲೇಜಿನ ಬೀಗದೊಳಗೆ ಸಿಕ್ಕಿಕೊಂಡಿತ್ತು. ಪಾಠ ಶುರುವಾದ ಮೇಲೆ, ನನಗೊಂದು ಮಾತೂ ಹೇಳದೆ, ಸ್ಟೂಲು, ಲ್ಯಾಪ್‌ಟಾಪು, ಉದ್ದದ ಮರದ ಸ್ಕೇಲು ಹೊತ್ತು ಕಾರಿಡಾರಿಗೆ ನಡೆದರು.

"ಕ್ಯಾಪ್ಟನ್, ಮಕ್ಕಳಿಗೆ ತೋರಿಸಲು ಒಂದು ಮೊಣಕಾಲು ಬೇಕಿತ್ತಲ್ಲ. ನನ್ನ ಹತ್ತಿರ ಇರುವುದು ತೋರಿಸುವ ಹಾಗಿಲ್ಲ."

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಗಡ್ಡ ಬಿಟ್ಟಿದ್ದರು. ಕುರ್ಚಿ ಎಳೆದುಕೊಂಡು ಕುಳಿತು ಕಾಲು ಚಾಚಿದರು. ನಮ್ಮವರು ದೂರದಿಂದ ಸ್ಕೇಲು ಹಿಡಿದು ಇದು ಇಂಥದ್ದು, ಅದು ಅಂಥದ್ದು ಎಂದು ವಿವರಿಸುತ್ತ ಹೋದರು. ಮಡಚಿ ಎಂದರೆ ಕ್ಯಾಪ್ಟನ್ನರು ಮಡಚಿದರು, ಚಾಚಿ ಎಂದರೆ ಚಾಚಿದರು. ನನ್ನ ರೌಂಡ್ಸಿನಲ್ಲಿ ಎಂದೂ ಮಡಚದಷ್ಟು ಮಡಚಿದರು. ಪಾಠ ಮುಗಿದಾಗ ಪರದೆ ತುಂಬ ಚಿಕ್ಕ ಚಿಕ್ಕ ಚೌಕದೊಳಗಿಂದ ಚಪ್ಪಾಳೆ ಕೇಳಿಸಿತು. ಕ್ಯಾಪ್ಟನ್ನರು ತಲೆ ಎತ್ತಿ ಸ್ಟೇಡಿಯಮ್ಮನ್ನೇ ನೋಡುವವರಂತೆ ಆ ಚೌಕಗಳನ್ನು ನೋಡಿದರು.

ತಡವಾಗಿ ಪಾಠಕ್ಕೆ ಸೇರಿದ ಒಬ್ಬಳು ಹುಡುಗಿಗೆ ಕಾಣಿಸುತ್ತಿದ್ದದ್ದು ಮೊಣಕಾಲು ಮಾತ್ರ. "ಸರ್, ಎಷ್ಟು ಸಹಜವಾಗಿದೆ! ಈ ಮಾಡೆಲ್ ಯಾವ ಕಂಪನಿಯದು?"

ನಮ್ಮವರು ಉತ್ತರಿಸುವ ಮೊದಲೇ ಮೊಣಕಾಲಿನ ಒಡೆಯರು ಪರದೆಗೆ ಬಗ್ಗಿ ಹೇಳಿದರು: "ಹಳೆಯ ಮಾಡೆಲ್, ಲಾ. ತಯಾರಿಸಿದ ದೇಶವೇ ಈಗ ಇಲ್ಲ."

ಮರುದಿನ ನಾನು ಬಾಗಿಲು ತೆಗೆಯುವ ಮೊದಲೇ ಅವರು ಕಾರಿಡಾರಿನಲ್ಲಿ ನಿಂತಿದ್ದರು. ಗಡ್ಡ ಬೋಳಿಸಿಕೊಂಡು.

ಮೈದಾನದಲ್ಲಿ ನಡೆದದ್ದು

ಕಡೆಗೂ ಮೈದಾನ ತೆರೆಯಿತು. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಆಟಗಾರರು ಮತ್ತು ತಂಡದ ಸಿಬ್ಬಂದಿ ಮಾತ್ರ ಒಳಗೆ. ಹಾಗಾಗಿ ನನ್ನ ತೋಳಿಗೊಂದು ಪಟ್ಟಿ ಕಟ್ಟಿ, ತಂಡದ ವೈದ್ಯಕೀಯ ಸಿಬ್ಬಂದಿ ಎಂದು ಒಳಗೆ ಬಿಟ್ಟರು. ನಮ್ಮವರೂ ಕ್ಯಾಪ್ಟನ್ನರ ಹೆಂಡತಿಯೂ ತಂತಿಬೇಲಿಯ ಆಚೆ ನಿಂತರು.

ವ್ಯವಸ್ಥೆ ಮಾಡಿದವರು ಎಲ್ಲಿಂದಲೋ ಒಂದು ಗಾಲಿಕುರ್ಚಿ ತಂದು ಹೂವಿನಿಂದ ಸಿಂಗರಿಸಿ ಗೆರೆಯ ಹತ್ತಿರ ಇಟ್ಟಿದ್ದರು. ಗೌರವಕ್ಕೆಂದೇ ಮಾಡಿದ್ದು. ಅದನ್ನು ನೋಡಿ ಕ್ಯಾಪ್ಟನ್ನರ ಮುಖ ಬಿಳುಚಿತು. ಯಾರಾದರೂ ಅವರನ್ನು "ಕೂತುಕೊಳ್ಳಿ" ಎನ್ನುವ ಮೊದಲೇ ನಾನು ಹೋಗಿ ಅದರಲ್ಲಿ ಕುಳಿತೆ. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. "ನಡೆಯಿರಿ ಕ್ಯಾಪ್ಟನ್. ಕುರ್ಚಿ ಖಾಲಿ ಇಲ್ಲ."

ನಡೆದರು. ಊರುಗೋಲಿಲ್ಲದೆ, ಹಳೆಯ ಬೂಟು ತೊಟ್ಟು, ಹಸಿರು ಹುಲ್ಲಿನ ಮೇಲೆ. ಎರಡೂ ತಂಡದ ಹಳೆಯ ಆಟಗಾರರು ಆಚೀಚೆ ನಿಂತು ನೋಡುತ್ತಿದ್ದರು. ನಾನು ಅವರ ಹೆಜ್ಜೆಯನ್ನೇ ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಮೊಣಕಾಲಿಗೆ ಸುತ್ತಿದ್ದ ಬಟ್ಟೆಯ ಪಟ್ಟಿ ಬಿಚ್ಚಿಕೊಂಡು ಬೂಟಿನ ಮುಂದೆ ಇಳಿಬಿತ್ತು. ಅವರು ಚೆಂಡನ್ನು ನೋಡುತ್ತಿದ್ದರೇ ಹೊರತು ಕಾಲನ್ನಲ್ಲ. ಇನ್ನೊಂದು ಹೆಜ್ಜೆಗೆ ಅದನ್ನು ತುಳಿದು ಮುಗ್ಗರಿಸುವುದು ಖಂಡಿತ.

"ನಿಲ್ಲಿ!" ಎಂದು ಕೂಗಿ ನಾನು ಒಳಗೆ ನಡೆದೆ. ಓಡಲಿಲ್ಲ. ಮೇಟ್ರನ್ನರು ಓಡುವುದಿಲ್ಲ.

ಸೀಟಿ ಕೇಳಿಸಿತು. ಅಡ್ಡ ಬಂದದ್ದು ರೆಫರಿ. ಮಾಸ್ಕು ಗಲ್ಲದ ಮೇಲೆ ನೇತಾಡುತ್ತಿತ್ತು.

"ಮೇಡಂ, ನಾನು ಕರೆಯದೆ ಒಳಗೆ ಬರುವ ಹಾಗಿಲ್ಲ."

"ಮಾತಾಡುವ ಮೊದಲು ಮಾಸ್ಕು ಮೂಗಿನ ಮೇಲಿರಲಿ" ಎಂದೆ.

ರೆಫರಿ ಜೇಬಿನಿಂದ ಹಳದಿಯದೊಂದು ಚೀಟಿ ತೆಗೆದು ನನ್ನ ಮುಖದ ಮುಂದೆ ಹಿಡಿದರು. ಏನೋ ಆರೋಗ್ಯದ ಸೂಚನೆ ಇರಬೇಕೆಂದು ಕನ್ನಡಕ ಹಾಕಿಕೊಂಡು ನೋಡಿದೆ. "ಇದರಲ್ಲಿ ಏನೂ ಬರೆದಿಲ್ಲವಲ್ಲ" ಎಂದೆ. ಹಿಂದಿನಿಂದ ಯಾರೋ ನಕ್ಕರು. ನಾನು ಕೆಳಗೆ ಕುಳಿತು ಕ್ಯಾಪ್ಟನ್ನರ ಪಟ್ಟಿ ಬಿಗಿಯತೊಡಗಿದೆ.

"ಮೇಡಂ, ಎದ್ದು ಹೊರಗೆ ಹೋಗಿ."

"ಕಟ್ಟು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಅಂದ ಹಾಗೆ, ಆ ಸೀಟಿಯನ್ನು ತೊಳೆದು ಎಷ್ಟು ದಿನವಾಯಿತು?"

ಮತ್ತೆ ಹಳದಿ ಬಂತು. ಅದರ ಬೆನ್ನಿಗೆ ಕೆಂಪು. ಕೆಂಪು ಎಂದರೆ ಗೆರೆಯ ಆಚೆ ನಿಂತರೂ ಸಾಲದು, ಮೈದಾನವನ್ನೇ ಬಿಡಬೇಕಂತೆ. ಪಟ್ಟಿಯ ಕೊನೆಯನ್ನು ಸಿಕ್ಕಿಸಿ ಎದ್ದೆ. ಎಲ್ಲರೂ ನೋಡುತ್ತಿದ್ದ ಹಾಗೆ, ಬೆನ್ನು ನೆಟ್ಟಗೆ ಇಟ್ಟುಕೊಂಡು ಗೇಟಿನ ಹೊರಗೆ ನಡೆದೆ.

"ಬಾ ಮಾರಾಯ್ತಿ" ಎಂದರು ನಮ್ಮವರು, ಬೇಲಿಯ ಹತ್ತಿರ ಜಾಗ ಮಾಡಿಕೊಡುತ್ತ. "ಇಲ್ಲಿಂದ ಚೆನ್ನಾಗಿ ಕಾಣುತ್ತದೆ."

ಅಷ್ಟು ಕಾಲ ಹೊಸಿಲಿನಲ್ಲಿ ನಿಂತು ನಡೆಸಿದ ಆ ಕಾಲು ಚೆಂಡನ್ನು ಒದ್ದದ್ದನ್ನು ನಾನು ನೋಡಿದ್ದು ತಂತಿಯ ತೂತಿನಿಂದ. ಮೆಲ್ಲಗೆ ತಟ್ಟಿದರೆ ಸಾಕು ಎಂದು ಡಾಕ್ಟರರೂ ಹೇಳಿದ್ದರು, ನಾನೂ ಹೇಳಿದ್ದೆ. ಕ್ಯಾಪ್ಟನ್ನರು ಬಲಗಾಲನ್ನೇ ಬೀಸಿ ಒದ್ದರು. ಚೆಂಡು ಹುಲ್ಲಿನ ಮೇಲೆ ಸರ್ರೆಂದು ಹೋಯಿತು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಅಳಲಿಲ್ಲ. ಕನ್ನಡಕ ಮಾಸ್ಕಿನ ಹಬೆಗೆ ಮಂಜಾಗಿತ್ತು, ಅಷ್ಟೆ.

ಯಾರ ಕೈಯನ್ನೂ ಹಿಡಿಯದೆ ಕ್ಯಾಪ್ಟನ್ನರು ಗೇಟಿನವರೆಗೂ ನಡೆದು ಬಂದರು. ನಗು ತಡೆಯಲಾರದೆ ಬೇಲಿಯನ್ನು ಹಿಡಿದುಕೊಂಡರು. "ಮೇಟ್ರನ್, ಇಷ್ಟು ವರ್ಷ ಆಡಿದೆ, ಇಷ್ಟು ನಾಟಕ ಮಾಡಿದೆ, ಬೈದೆ, ಬಿದ್ದೆ, ಅಂಗಿ ಎಳೆದೆ. ನನಗೆ ಒಂದೇ ಒಂದು ಕೆಂಪು ಕಾರ್ಡು ಸಿಗಲಿಲ್ಲ, ಲಾ. ನಿಮಗೆ ಪಂದ್ಯ ಶುರುವಾಗುವ ಮೊದಲೇ ಸಿಕ್ಕಿತಲ್ಲ!"

ಆಟಗಾರರು ನಕ್ಕರು. ನಮ್ಮವರೂ ನಕ್ಕರು. ಸಂಘದ ವಾಟ್ಸಪ್ ಗುಂಪಿನಲ್ಲಿ ನನಗೆ ಕೆಂಪು ಹಿಡಿದ ಫೋಟೋ ಇನ್ನೂ ಓಡಾಡುತ್ತಿದೆ. ಪುಚೊಂಗಿನವರು "ಮೇಡಂ ರನ್ ಔಟ್" ಎಂದು ಬರೆದಿದ್ದಾರೆ. ಕ್ಯಾಪ್ಟನ್ನರು ಈಗ ದಿನಾ ಸಂಜೆ ಕೆಳಗಿನ ತೋಟದಲ್ಲಿ ಊರುಗೋಲಿಲ್ಲದೆ ನಡೆಯುತ್ತಾರೆ, ಅದು ಸಂತೋಷ. ಆದರೆ ನಾನು ಆ ಪೋಸ್ಟ್‌ಮಾಸ್ಟರರ ಮೊಮ್ಮಗಳು, ಆ ಹೆಡ್‌ಮಾಸ್ಟರರ ಮಗಳು. ನಮ್ಮ ಮನೆತನದಲ್ಲಿ ಯಾರನ್ನೂ ಯಾವ ಜಾಗದಿಂದಲೂ ಹೊರಗೆ ಕಳಿಸಿದ್ದಿಲ್ಲ. ಆ ರೆಫರಿ, ಮಾಸ್ಕನ್ನು ಮೂಗಿನ ಮೇಲೆ ಸರಿಯಾಗಿ ಹಾಕಿಕೊಂಡು, ನನ್ನಲ್ಲಿ ಕ್ಷಮೆ ಕೇಳಬೇಕು.